ಒಂದು ಸ್ಟೂಲಿಗೆ ನಾಲ್ಕು ಮಂದಿ

ರೊಟ್ಟಿ ತಟ್ಟುವಾಗ ಬಳೆ ಜಾರಿ ಹಿಟ್ಟಿಗೆ ಬಿತ್ತು. ಒಂದಲ್ಲ, ಎರಡು. ಹೋದ ದೀಪಾವಳಿಗೆ ಸೋಪು ಹಚ್ಚಿ ಕಷ್ಟಪಟ್ಟು ಏರಿಸಿಕೊಂಡ ಬಳೆಗಳವು. ಕೆಮ್ಮು ಶುರುವಾಗಿ ಆಗಲೇ ತಿಂಗಳು ದಾಟಿತ್ತು. ಸಂಜೆಯಾದರೆ ಮೈ ಬೆಚ್ಚಗೆ. ಹರಿಹರದ ಧೂಳಿಗೆ ಯಾರು ಕೆಮ್ಮುವುದಿಲ್ಲ ಎಂದು ಅತ್ತೆ ಶುಂಠಿ ಕಷಾಯ ಕುಡಿಸಿದ್ದೇ ಕುಡಿಸಿದ್ದು. ಬಳೆ ಬಿದ್ದ ದಿನ ಮಾತ್ರ ನನ್ನ ಮಣಿಕಟ್ಟು ಹಿಡಿದು ನೋಡಿ, ಡಾಕ್ಟರಿಗೆ ತೋರಿಸೋಣ ಎಂದರು.

ಊರಲ್ಲೇ ತೋರಿಸಿದರೆ ಜನ ಆಡಿಕೊಳ್ಳುತ್ತಾರೆಂದು ದಾವಣಗೆರೆ ಬಸ್ಸು ಹತ್ತಿದೆವು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಸಣ್ಣ ಕ್ಲಿನಿಕ್. ನಮ್ಮ ಮನೆಯಲ್ಲಿ ಡಾಕ್ಟರ ಹತ್ತಿರ ಒಬ್ಬರೇ ಹೋಗುವ ಪದ್ಧತಿಯಿಲ್ಲ, ಹೆಣ್ಣು ನೋಡಲು ಹೊರಟಂತೆ ಹೊರಡುತ್ತೇವೆ. ನಾನು, ನಮ್ಮನೆಯವರು, ಅತ್ತೆ, ಮೈದುನನ ಹೆಂಡತಿ ಶಾಂತ. ಒಳಗಿದ್ದದ್ದು ಒಂದೇ ಸ್ಟೂಲು.

ಕೆಮ್ಮು ಎಷ್ಟು ದಿನದ್ದು ಎಂದು ಡಾಕ್ಟರು ನನ್ನನ್ನು ಕೇಳಿದರೆ ಅತ್ತೆ ಹೇಳಿದರು. ಹಸಿವು ಹೇಗಿದೆ ಎಂದರೆ ನಮ್ಮನೆಯವರು. ಬೆವರುತ್ತೀರಾ ಎಂದರೆ ಶಾಂತ. ನಾನು ಬಾಯಿ ತೆರೆದದ್ದು ಥರ್ಮಾಮೀಟರಿಗೆ ಮಾತ್ರ.

ಎಕ್ಸ್-ರೇ ಆಯಿತು, ಕಫದ ಟೆಸ್ಟ್ ಆಯಿತು. ರಿಪೋರ್ಟ್ ಬಂದ ದಿನ ನಮ್ಮನೆಯವರು ನನಗಿಂತ ಮೊದಲೇ ಒಳಗೆ ನುಗ್ಗಿದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ಆಕಿಗೆ ಹೆಸರು ಹೇಳಬ್ಯಾಡ್ರಿ ಸಾರ್. ಎದೆ ಒಡ್ಕೊಂಡಾಳು."

ಡಾಕ್ಟರು ಅವರನ್ನು ಹೊರಗೆ ಕಳಿಸಿ ನನ್ನೊಬ್ಬಳನ್ನೇ ಕರೆದರು. ಅತ್ತೆಯೂ ಎದ್ದರು. ಡಾಕ್ಟರು ಕೈಮುಗಿದು ಅವರನ್ನು ಕೂರಿಸಿ, ತಾವೇ ಬಾಗಿಲು ಹಾಕಿದರು.

"ಕಾಯಿಲೆ ನಿಮ್ದಮ್ಮ. ಹೆಸರು ಮೊದಲು ನಿಮಗೆ ಗೊತ್ತಾಗಬೇಕು."

ಟಿ.ಬಿ.

ಡಾಕ್ಟರು ನೀರು ಕೊಟ್ಟು, ವಾಸಿಯಾಗುವ ಕಾಯಿಲೆ ಎಂದರು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಮನೆಯವರೆಲ್ಲ ಪರೀಕ್ಷೆ ಮಾಡಿಸಬೇಕು, ಮಾತ್ರೆಯಿಂದ ಮೂತ್ರ ಕೆಂಪಗಾಗುತ್ತದೆ, ಹೆದರಬಾರದು. "ಆರು ತಿಂಗಳು ಒಂದು ದಿನಾನೂ ತಪ್ಪಿಸಂಗಿಲ್ಲ. ತಪ್ಪಿದ್ರೆ ರೋಗ ಮಾತ್ರೆಗೆ ಬಗ್ಗಲ್ಲ. ಹೇಳೋದು ನನ್ನ ಕೆಲಸ, ನುಂಗೋದು ನಿಮ್ದು."

ಅತ್ತುಬಿಟ್ಟೆ, ನಿಜ. ಆದರೆ ಒಳಗೊಳಗೇ ಖುಷಿಯೂ ಆಯಿತೆಂದರೆ ನೀವು ನಂಬಬೇಕು. ಮದುವೆಯಾದ ಹದಿನೆಂಟು ವರ್ಷದಲ್ಲಿ, ನನಗೊಬ್ಬಳಿಗೇ ಎಂದು ಬಾಗಿಲು ಹಾಕಿಕೊಂಡು ಯಾರಾದರೂ ಒಂದು ಮಾತು ಹೇಳಿದ್ದು ಅದೇ ಮೊದಲು.

ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿತು. ಬಳೆಗಳು ಕೈಯಲ್ಲಿ ನಿಂತವು. ಬೆಣ್ಣೆ ದೋಸೆ ಮೂರು ತಿಂದರೂ ಇನ್ನೊಂದು ಬೇಕೆನ್ನಿಸುತ್ತಿತ್ತು. ಆಗ ಶಾಂತಳಿಗೆ ಕೆಮ್ಮು ಬಂತು. ನಮ್ಮ ಮನೆಗೆ ಏನೇ ಬರಲಿ, ಸೊಸೆಯಂದಿರಿಬ್ಬರಿಗೂ ಸಮಪಾಲು. ಸೀರೆಯಾದರೂ ಅಷ್ಟೆ, ಹೋಳಿಗೆಯಾದರೂ ಅಷ್ಟೆ. ಹಂಚಿ ರೂಢಿಯಾದ ಕೈ ಸುಮ್ಮನಿರುತ್ತದೆಯೇ? ಕೆಮ್ಮಿಗೆ ಒಳ್ಳೆಯ ಮಾತ್ರೆ ಎಂದು ನನ್ನ ಡಬ್ಬಿಯಿಂದ ನಾಲ್ಕು ದಿನದ್ದು ಎತ್ತಿಕೊಟ್ಟೆ. ಆ ನಾಲ್ಕು ದಿನ ನಾನು ನುಂಗಲಿಲ್ಲ. ಹೇಗೂ ಆರಾಮಾಗಿದ್ದೆನಲ್ಲ.

ಐದನೆಯ ದಿನ ಬೆಳಿಗ್ಗೆ ಶಾಂತ ಒಲೆಯ ಮುಂದೆ ಕೂತು ಅಳುತ್ತಿದ್ದಳು.

"ಅಕ್ಕಾ, ನಂಗೂ ಬಂದೈತೆ. ನಾಕು ದಿನದಿಂದ ಒಂದಕ್ಕೆ ಕೆಂಪಗೆ ಹೋಗ್ತೈತೆ. ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ."

ಮೊದಲು ನಗು ಬಂತು. ಆಮೇಲೆ ನಗು ಆರಿತು. ನನಗೆ ಕಾಯಿಲೆಯ ಹೆಸರು ಮುಚ್ಚಿಡಹೊರಟರೆಂದು ಮನೆಯವರ ಮೇಲೆ ಮುನಿಸಿಕೊಂಡಿದ್ದವಳು ನಾನು. ಯಾವ ಮಾತ್ರೆ ಎಂದೂ ಹೇಳದೆ ಅವಳಿಗೆ ಕೊಟ್ಟವಳೂ ನಾನೇ.

ಅವತ್ತೇ ಅವಳನ್ನು ಕರೆದುಕೊಂಡು ಹೋಗಿ ಎಲ್ಲ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಮತ್ತೆ ಕಫದ ಟೆಸ್ಟ್. ರಿಪೋರ್ಟಿಗೆ ಕಾದ ಆ ದಿನಗಳಲ್ಲಿ ಪೂಜೆಗೆ ಕೂತರೂ ಮನಸ್ಸು ಡಬ್ಬಿಯ ಮೇಲೇ. ಕೊನೆಗೆ ರಿಪೋರ್ಟ್ ಬಂತು, ಕ್ರಿಮಿ ಇರಲಿಲ್ಲ. ಶಾಂತಳದ್ದು ಬರೀ ನೆಗಡಿ ಕೆಮ್ಮು. ತಪ್ಪಿದ ನಾಲ್ಕು ದಿನಗಳನ್ನು ಕೊನೆಗೆ ಸೇರಿಸಿ ಬರೆದು, "ಹೋಳಿಗೆ ಹಂಚ್ರಿ, ಇದನ್ನ ಬ್ಯಾಡ" ಎಂದರು. ಇಷ್ಟು ದಿನ ಮುಂದೂಡುತ್ತಲೇ ಬಂದಿದ್ದ ಪರೀಕ್ಷೆಗೆ ಮುಂದಿನ ವಾರ ಇಡೀ ಮನೆಯೇ ಬಸ್ಸು ಹತ್ತಿ ಬಂತು. ಯಾರಿಗೂ ಏನೂ ಇರಲಿಲ್ಲ.

ಆರು ತಿಂಗಳ ಮೇಲೆ ನಾಲ್ಕು ದಿನ. ಕೊನೆಯ ಎಕ್ಸ್-ರೇ ಬೆಳಕಿಗೆ ಹಿಡಿದು ಡಾಕ್ಟರು ನಕ್ಕರು. ಈಗ ಎಲ್ಲರೂ ಬರಲಿ ಎಂದು ನಾನೇ ಬಾಗಿಲು ತೆಗೆದು ಕರೆದೆ. ಒಳಗೆ ಬಂದ ಅತ್ತೆ, ಹೇಗೂ ಬಂದಿದ್ದೇನೆ ಎಂದು ಸ್ಟೂಲಿನ ಮೇಲೆ ಕೂತು ಮಂಡಿ ತೋರಿಸಿದರು. ಯಾವಾಗಿನಿಂದ ನೋವು ಎಂದು ಡಾಕ್ಟರು ಕೇಳಿದ್ದೇ ತಡ, ಉತ್ತರ ನನ್ನ ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ. ಗಂಡನ ತೋಳು ಹಿಡಿದು, ಶಾಂತಳ ಸೆರಗು ಎಳೆದು ಹೊರಗೆ ಬಂದು ಬಾಗಿಲು ಹಾಕಿದೆ.

ಅತ್ತೆ ಹೊರಗೆ ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಮುಖ ಅರಳಿತ್ತು. ಡಾಕ್ಟರು ಏನಂದರು ಎಂದು ಮೂವರೂ ಒಟ್ಟಿಗೇ ಕೇಳಿದೆವು.

"ಅದು ನಂದು ಡಾಕ್ಟರದು ಮಾತು. ನಿಮಗ್ಯಾಕ?" ಎಂದು ಚಪ್ಪಲಿ ಮೆಟ್ಟಿ ಮುಂದೆ ನಡೆದರು. ಹಿಂದೆ ನಾವು ಮೂವರು.