ಪಕ್ಕದ ಎಳೆಗೆ ಹಿಡಿದು ನೋಡಿದವಳು

ಬನಹಟ್ಟಿಯ ನೇಕಾರ ನಿಂಗಣ್ಣನ ಮಗಳು ನೇತ್ರಾ ಜಮಖಂಡಿಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಓಣಿಗೆಲ್ಲ ಅವಳ ಮಾತೆಂದರೆ ವೇದವಾಕ್ಯ. ಎದುರುಮನೆಯ ತಾರವ್ವನಿಗೆ ರೊಟ್ಟಿ ನುಂಗುವುದು ತ್ರಾಸಾಗಿ, ಡಾಕ್ಟರ್ ಮಲ್ಲಿನಾಥರು ಅನ್ನನಾಳದಲ್ಲಿ ಕಂಡ ಹುಣ್ಣಿನ ಚೂರು ತೆಗೆದು ಕಳಿಸಿದಾಗ ಅದು ಬಂದದ್ದು ನೇತ್ರಾಳ ಕೈಗೇ.

ಆ ಚೂರಿನ ಜೀವಕೋಶಗಳಲ್ಲಿ ಡಿಎನ್‌ಎ ಇರಬೇಕಾದಷ್ಟೇ ಇದೆಯೋ ಹೆಚ್ಚಿದೆಯೋ ಅಳೆಯಬೇಕು. ಹೆಚ್ಚಿದ್ದರೆ ಕ್ಯಾನ್ಸರಿನ ಗುಮಾನಿ. ಹೋಲಿಸಿ ನೋಡಲು ರೋಗವಿಲ್ಲದ ಕೋಶಗಳು ಬೇಕು. ಚೂರಿನಲ್ಲೇ ಸಿಗುವ ಬಿಳಿ ರಕ್ತಕಣಗಳನ್ನು ಆರಿಸಿಕೋ ಎಂದು ಅವಳಿಗೆ ಕಲಿಸಿದ್ದರು. ಆದರೆ ಮಗ್ಗದ ಮನೆಯ ಕಣ್ಣು ಅದನ್ನು ಒಪ್ಪಬೇಕಲ್ಲ! ಮಗ್ಗದ ಹಾಸಿನಲ್ಲಿ ಎಳೆ ಹರಿದರೆ ನೇಕಾರ ಹೊಸ ನೂಲಿನ ಬಣ್ಣವನ್ನು ಪಕ್ಕದ ಎಳೆಗೇ ಹಿಡಿದು ನೋಡುತ್ತಾನೆ. ಬೇರೆ ಹಂಡೆಯ ಬಣ್ಣದಲ್ಲಿ ಅದ್ದಿದ ನೂಲಿಗೆ ಹಿಡಿದರೆ ಬೈಸಿಕೊಳ್ಳುತ್ತಾನೆ. ಬಿಳಿ ಕಣಗಳು ನೇತ್ರಾಳಿಗೆ ಬೇರೆ ಹಂಡೆಯ ನೂಲಾಗಿಯೇ ಕಂಡವು. ಹುಣ್ಣಿನ ಪಕ್ಕದಲ್ಲಿ ನೆಟ್ಟಗೆ ಕಾಣುತ್ತಿದ್ದ ಕೋಶಗಳನ್ನು ಆರಿಸಿದಳು. ಹುಣ್ಣಿನ ಕೋಶಗಳು ಅವಕ್ಕೆ ತಾಳೆಯಾದವು. ರೋಗವಿಲ್ಲವೆಂದು ವರದಿ ಬರೆದು, ಸಂಜೆ ತಾರವ್ವನ ಮನೆಗೆ ಓಡಿದಳು.

“ಏನೂ ಇಲ್ಲ ಬೇ ಚಿಗವ್ವ, ಆರಾಮ ಇರು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಡಾಕ್ಟರು ಕೊಟ್ಟ ಔಷಧ ಕುಡಿಯುತ್ತಿದ್ದರೂ ಶ್ರಾವಣ ಮುಗಿಯುವಷ್ಟರಲ್ಲಿ ತಾರವ್ವನಿಗೆ ಗಂಜಿಯೂ ಇಳಿಯದಾಯಿತು. ಡಾಕ್ಟರು ಹಳೆಯ ಸ್ಲೈಡನ್ನೇ ಬಿಳಿ ಕಣಗಳಿಗೆ ಹೋಲಿಸಿ ಮತ್ತೆ ಅಳೆಸಿದರು. ನೇತ್ರಾ ನೆಟ್ಟಗಿವೆ ಎಂದುಕೊಂಡಿದ್ದ ಕೋಶಗಳಲ್ಲೂ ಡಿಎನ್‌ಎ ವಿಪರೀತ ಹೆಚ್ಚಿತ್ತು. ಕೆಟ್ಟದ್ದನ್ನು ಕೆಟ್ಟದ್ದಕ್ಕೇ ಹಿಡಿದು ಒಳ್ಳೆಯದು ಎಂದುಬಿಟ್ಟಿದ್ದಳು ಮಹರಾಯಿತಿ. ಈಗಲೂ ಬೆಳಗಾವಿಯಲ್ಲಿ ಆಪರೇಶನ್ ಮಾಡಿಸಿದರೆ ಉಳಿದಾರು ಎಂದರು ಡಾಕ್ಟರು.

ನೇತ್ರಾ ತಾರವ್ವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು.

“ನಂದ ತಪ್ಪಾತು ಚಿಗವ್ವ. ನಾಳೆನ ಬೆಳಗಾವಿಗೆ ಹೋಗೂಣು, ಏಳು.”

ತಾರವ್ವ ಅವಳ ತಲೆ ಸವರಿದಳು. “ಹುಚ್ಚಿ, ಆ ಡಾಕ್ಟರು ನಿನ್ನ ಹೆದರಿಸಿ ಹಿಂಗ ಹೇಳಸಾಕತ್ತಾರ. ಕೊಯ್ಯಾಕ ಅವರಿಗೊಂದು ನೆವ ಬೇಕು. ನೀ ಮೊದಲ ಹೇಳಿದ್ದನ್ನ ನಾ ನಂಬತೇನಿ.”

“ಖರೆ ಹೇಳಾಕತ್ತೇನಿ ಬೇ! ನನ್ನ ಆಣಿ!”

“ಆಣಿ ಇಡಬ್ಯಾಡ” ಎಂದು ತಾರವ್ವ ಗೋಡೆಯತ್ತ ಹೊರಳಿದಳು. ಎಷ್ಟು ಕಾಡಿದರೂ ಏಳಲಿಲ್ಲ.

ದಸರೆಗೆ ಮೊದಲೇ ಅವಳು ತೀರಿಕೊಂಡಳು. ಹೆಣದ ಮುಂದೆ ಬಿಕ್ಕುತ್ತಿದ್ದ ನೇತ್ರಾಳನ್ನು ನೆರೆಮನೆಯ ಸಿದ್ದಕ್ಕ ಎದೆಗೊತ್ತಿಕೊಂಡು ಸಮಾಧಾನ ಮಾಡಿದಳು.

“ಅಳಬ್ಯಾಡ ನನ್ನವ್ವ. ನೀ ಮೊದಲ ‘ಏನೂ ಇಲ್ಲ’ ಅಂದದ್ದ ಖರೆ. ಆ ಡಾಕ್ಟರನ ಔಷಧನ ಆಕೀನ್ನ ಕೊಂದೈತಿ.”