ಝಳಕಿಯ ಢಾಬಾದಲ್ಲಿ ತಂಗಿಯ ಪಂದ್ಯ

ದ್ರಾಕ್ಷಿ ಲಾರಿ ನಿಲ್ಲಿಸಿ ಝಳಕಿಯ ಢಾಬಾದಲ್ಲಿ ಊಟಕ್ಕೆ ಕುಳಿತೆ. ಟಿವಿಯಲ್ಲಿ ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಲೀಗ್, ಈ ಸೀಸನ್ನಿನ ಕೊನೆಯ ಪಂದ್ಯ. ನನ್ನ ತಂಗಿ ಸಾವಿತ್ರಿ ಗೋಲು ಕಾಯುತ್ತಿದ್ದಳು. ಸೋತರೆ ಅವಳ ತಂಡ ಕೆಳದರ್ಜೆಗೆ ಇಳಿಯುತ್ತಿತ್ತು.

“ಚಡ್ಡಿ ಹಾಕ್ಕೊಂಡು ಕುಣಿಯೋದು ಏನ್ ನೋಡ್ತಿಯೋ ಮಾರಾಯಾ? ಕ್ರಿಕೆಟ್ ಹಚ್ಚು,” ಎಂದು ಒಬ್ಬ ಗಿರಾಕಿ ಢಾಬಾದವನಿಗೆ ಹೇಳಿದ. ಎಲ್ಲರೂ ನಕ್ಕರು.

ಮೈ ಉರಿಯಿತು. ದೇಶದ ದೊಡ್ಡ ಲೀಗಿನಲ್ಲಿ ಆಡುವ ಹುಡುಗಿಯರಲ್ಲಿ ಇವರಿಗೆ ಕಂಡದ್ದು ಚಡ್ಡಿ!

“ನೀವು ನೋಡಾಕತ್ತಿದ್ರೇನ್ರಿ?” ಢಾಬಾದವನು ನನ್ನನ್ನು ಕೇಳಿದ.

“ಇಲ್ರಿ, ಬದಲಿ ಮಾಡ್ರಿ,” ಎಂದೆ. ಅವರಿಗಿಂತ ನನ್ನ ಬಾಯಿಯೇ ಹೊಲಸು.

ಊಟ ಮುಗಿಯುವಷ್ಟರಲ್ಲಿ ತಂಗಿಯ ಫೋನ್ ಬಂತು.

“ಅಣ್ಣಾ, ಗೆದ್ದು ಉಳಕೊಂಡ್ವಿ! ನೋಡಿದಿ?”

ಅದೇ ಹೊತ್ತಿಗೆ ಟಿವಿಯಲ್ಲಿ ಸಿಕ್ಸರ್ ಬಿತ್ತು. ಢಾಬಾದ ತುಂಬ ಕೇಕೆ, ಚಪ್ಪಾಳೆ.

“ಅಯ್ಯ, ಅಷ್ಟು ಮಂದಿ ನೋಡಾಕತ್ತಾರೇನು?”

“ಹೌದವ್ವಾ,” ಎಂದೆ.