ಇಪ್ಪತ್ತಾರರ ಗಾಡಿ

ಗುಡ್ಡಪ್ಪ ಹುಟ್ಟಿದಾಗಿನಿಂದ ಹೊಸದು ಎಂಬುದನ್ನು ಕಂಡವನಲ್ಲ. ಅಗಡಿಯ ಮನೆಯಲ್ಲಿ ಅವನು ನಾಲ್ಕನೆಯ ಮಗ. ದೊಡ್ಡಣ್ಣನ ಅಂಗಿ ಒಬ್ಬೊಬ್ಬರಿಂದ ಇಳಿದು ಇವನ ಮೈಗೆ ಬರುವ ಹೊತ್ತಿಗೆ ಅದರ ಬಣ್ಣ ಯಾವುದಿತ್ತೆಂದು ಹೊಲಿಸಿದ ಅವ್ವನಿಗೇ ನೆನಪಿರುತ್ತಿರಲಿಲ್ಲ. ಪಾಟಿ ಹಳೆಯದು, ಸೈಕಲ್ ಹಳೆಯದು, ಮದುವೆಯ ದಿನ ತೊಟ್ಟ ಕೋಟು ಭಾವನದು. ತನ್ನ ಪಾಲಿಗೆ ಹೊಸದಾಗಿ ಬಂದವಳು ಕರೆವ್ವ ಒಬ್ಬಳೇ ಎಂದು ಚೇಷ್ಟೆ ಮಾಡುತ್ತಿದ್ದ. "ನನ್ನೂ ದುಡಿಸಿ ದುಡಿಸಿ ಹಳೇದ ಮಾಡೀರಲ್ಲ" ಎಂದು ಹೆಂಡತಿ ತಿರುಗಿಸಿ ಕೊಡುತ್ತಿದ್ದಳು. ಆಮೇಲೆ ಇಪ್ಪತ್ತೆಂಟು ವರ್ಷ ಬ್ಯಾಡಗಿಯ ಸಾಹುಕಾರರ ಗಾಡಿ ಓಡಿಸಿದ. ಅವೂ ಮೂರು ಕೈ ದಾಟಿ ಬಂದ ಗಾಡಿಗಳೇ. ಒಂದಕ್ಕೆ ಹಾರ್ನ್ ಇಲ್ಲ, ಇನ್ನೊಂದರ ಬಾಗಿಲನ್ನು ಹಗ್ಗದಿಂದ ಕಟ್ಟಬೇಕು.

ಆ ಗಾಡಿಗಳಿಗೆ ಚೀಲ ಹೇರುತ್ತಿದ್ದವನು ಶಮಶೇರಸಾಬ. ಹಮಾಲರಲ್ಲಿ ಹೆಸರಾದವನು, ಗುಡ್ಡಪ್ಪನಿಗಿಂತ ಮೂರು ವರ್ಷಕ್ಕೆ ದೊಡ್ಡವನು. ಮೆಣಸಿನಕಾಯಿ ಚೀಲ ಅವನ ಬೆನ್ನಿಗೆ ಬಂದರೆ ತಾನೇ ನಡೆದು ಹೋಗುತ್ತದೆ ಎಂದು ದಲಾಲರು ಹೊಗಳುತ್ತಿದ್ದರು. ಹೊಗಳಿಕೆಗೇನು, ದಲಾಲರಿಗೆ ಅದು ಪುಕ್ಕಟೆ. ಹಳ್ಳಿಯಿಂದ ಮಾಲು ತರುವಾಗ ಗುಡ್ಡಪ್ಪನ ಪಕ್ಕದ ಸೀಟು ಮಾಲಿನ ರೈತನದು. ಶಮಶೇರಸಾಬನ ಜಾಗ ಹಿಂದೆ, ಚೀಲಗಳ ಮೇಲೆ. ಬಿಸಿಲಿರಲಿ, ಮಳೆ ಇರಲಿ, ಘಾಟಿಗೆ ಮೂಗು ಕಟ್ಟಿಕೊಂಡು ಅಲ್ಲೇ ಕೂತು ಅವನು ಇಡೀ ಹಾವೇರಿ ಜಿಲ್ಲೆಯನ್ನು ಹಿಂದುಮುಂದಾಗಿ ನೋಡಿದ್ದ. "ಊರ ಬರೋದ ನಾ ಎಂದೂ ಕಂಡಿಲ್ಲೋ ಗುಡ್ಯಾ, ಹೋಗೋದನ್ನಷ್ಟ ಕಂಡೇನಿ" ಎನ್ನುತ್ತಿದ್ದ.

ಐವತ್ತು ದಾಟಿದ ಮೇಲೆ ಅವನ ನಡ ಹಿಡಿಯತೊಡಗಿತು. ಹಾವೇರಿಯ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಭಾರ ಹೊತ್ತರೆ ಒಂದು ದಿನ ಮಲಗಿದಲ್ಲೇ ಮಲಗುತ್ತೀ ಎಂದು ಖಡಕ್ಕಾಗಿ ಹೇಳಿದರು. ಅವತ್ತೇ ಗೆಳೆಯರಿಬ್ಬರೂ ನಿಶ್ಚಯ ಮಾಡಿದ್ದು. ಇಬ್ಬರ ಉಳಿತಾಯ ಕೂಡಿಸಿ ಸ್ವಂತದ್ದೊಂದು ಭಾರಿ ಪಿಕಪ್ ಗಾಡಿ ತಗೊಳ್ಳುವುದು, ಗುಡ್ಡಪ್ಪ ಓಡಿಸುವುದು, ಶಮಶೇರಸಾಬ ಮುಂದಿನ ಸೀಟಿನಲ್ಲಿ ಕೂತು ಬಾಡಿಗೆ ಹಿಡಿಯುವುದು. ಗಾಡಿ ಬಂದ ದಿನವೇ ಅವನು ಹಮಾಲಿ ಬಿಡಬೇಕು. ಬರುವ ತನಕ ಮನೆ ನಡೆಯಬೇಕಲ್ಲ, ಅಲ್ಲಿಯವರೆಗೆ ಮಾತ್ರ ಹೊರುತ್ತೇನೆ ಎಂದು ಅವನು ಹೆಂಡತಿ ಮಹಮೂದಾಬೇಗಂಗೆ ಮಾತು ಕೊಟ್ಟಿದ್ದ.

ಡಿಸೆಂಬರಿನ ಇಪ್ಪತ್ತರ ಸುಮಾರಿಗೆ ಇಬ್ಬರೂ ರಾಣೇಬೆನ್ನೂರಿಗೆ ಹೋದರು. ಹೆದ್ದಾರಿ ಪಕ್ಕದ ಶೋರೂಮಿನ ಅಂಗಳದಲ್ಲಿ ಬಿಳಿ ಗಾಡಿಯೊಂದು ನಿಂತಿತ್ತು. ಶಮಶೇರಸಾಬ ಚಪ್ಪಲಿ ಕೆಳಗೆ ಬಿಟ್ಟು ಅದರ ಎಡಗಡೆಯ ಸೀಟಿಗೆ ಹತ್ತಿ ಕೂತ. ಕಿಟಕಿಯ ಮೇಲೆ ಮೊಣಕೈ ಇಟ್ಟ. ಎದುರಿಗಿದ್ದದ್ದು ಶೋರೂಮಿನ ಗೋಡೆ, ಆದರೂ ಗೋಡೆಯನ್ನೇ ದಾರಿಯ ಹಾಗೆ ನೋಡುತ್ತ ಕೂತ.

ಗಾಡಿ ತೋರಿಸಲು ಬಂದ ವಿಜಯೇಂದ್ರ ಎಂಬ ಹುಡುಗ ಮಾತಿನ ಮಲ್ಲ. "ಇದು ಇಪ್ಪತ್ತೈದರ ಗಾಡಿರಿ. ನಾಳಿ ಬೇಕಂದ್ರ ನಾಳಿ ಒಯ್ರಿ. ವರ್ಷ ಮುಗಿಯೋದ್ರಾಗ ಖಾಲಿ ಮಾಡಬೇಕಂತ ರೇಟೂ ಇಳಿಸ್ಯಾರ. ಇಲ್ಲಾಂದ್ರ ಈಗ ಬುಕ್ ಮಾಡ್ರಿ, ಹೊಸ ಮಾಡೆಲ್ ಜನವರಿ ಕಡೀಗೆ ಬರತೈತಿ. ಹಿಂದಿನ ಬಾಡಿ ಒಂದ ಫೂಟ ಉದ್ದ, ಮುಂದಿನ ಮಾರಿನೂ ಬ್ಯಾರೆ. ಕಾಗದದಾಗ ಇಸವಿ ಇಪ್ಪತ್ತಾರು ಅಂತ ಬೀಳತೈತಿ."

"ಇದ ಬೇಷೈತಿ. ನಾಳಿನ ಒಯ್ಯೂಣು" ಎಂದ ಶಮಶೇರಸಾಬ, ಸೀಟಿನಿಂದ ಇಳಿಯದೆಯೇ.

ಗುಡ್ಡಪ್ಪನ ಕಿವಿಯಲ್ಲಿ ಮಾತ್ರ ಇಪ್ಪತ್ತಾರು ಎಂಬ ಮಾತು ಕೂತುಬಿಟ್ಟಿತ್ತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಡಿಸೆಂಬರಿನಲ್ಲಿ ಗಾಡಿ ತಗೊಂಡವನು ಹುಚ್ಚ, ಹನ್ನೊಂದು ದಿನ ಕಳೆದರೆ ಅದಕ್ಕೊಂದು ವರ್ಷ ವಯಸ್ಸು, ಮಾರುವಾಗ ಯಾರೂ ಮೂಸಿಯೂ ನೋಡುವುದಿಲ್ಲ ಎಂದು ಚಹಾದಂಗಡಿಯಲ್ಲಿ ಎಲ್ಲರೂ ತಲೆ ತಿಂದಿದ್ದರು. ಮಾರುವ ಮಾತು ಒತ್ತಟ್ಟಿಗಿರಲಿ. ಜನ್ಮಕ್ಕೊಮ್ಮೆ ತಗೊಳ್ಳುವ ಹೊಸ ಗಾಡಿ ಹನ್ನೊಂದೇ ದಿನದಲ್ಲಿ ಹಳೆಯದಾಗುವುದೇ? ಗುಡ್ಡಪ್ಪನಿಗೆ ಅಣ್ಣಂದಿರ ಅಂಗಿ ಮತ್ತೆ ಮೈಮೇಲೆ ಬಂದಂತಾಯಿತು.

ಇದನ್ನೇ ಬಾಯಿಬಿಟ್ಟು ಹೇಳಿದ್ದರೆ ಶಮಶೇರಸಾಬ ನಗುತ್ತಿದ್ದ. ಕಾಗದದ ಮೇಲಿನ ನಂಬರ್ ಚೀಲ ಹೊರತೈತೇನಲೇ ಎನ್ನುತ್ತಿದ್ದ. ಅದಕ್ಕೇ ಗುಡ್ಡಪ್ಪ ಬಾಯಿಗೆ ಬಂದ ನೆವ ಹೇಳಿದ.

"ಈಗ ನಮ್ಮಲ್ಲಿ ಶೂನ್ಯಮಾಸ ನಡದೈತಿ ಅಣ್ಣಾ. ಹೊಸಾದ ಏನೂ ಮನಿಗೆ ತರಂಗಿಲ್ಲ. ಸಂಕ್ರಮಣ ದಾಟಲಿ. ಹ್ಯಾಂಗೂ ತಡೀಬೇಕು, ತಡದ ಮ್ಯಾಲೆ ಹೊಸ ಮಾಡೆಲ್ ತಗೊಳ್ಳೂಣು."

ಶಮಶೇರಸಾಬ ಸೀಟಿನಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡ. "ದೇವರ ಮಾತಾದ್ರ ಮುಗೀತು ಬಿಡು. ಅದರ ಮುಂದ ನಂದೇನೈತಿ" ಎಂದ. ರಂಜಾನಿನಲ್ಲಿ ತಾನು ಉಪವಾಸವಿದ್ದಾಗ ಗುಡ್ಡಪ್ಪ ಎದುರಿಗೆ ನೀರು ಕುಡಿಯದೆ ಗಾಡಿ ಓಡಿಸಿದ್ದನ್ನು ಅವನು ಇಪ್ಪತ್ತೆಂಟು ವರ್ಷ ಕಂಡಿದ್ದ. ಇಂಥ ವಿಷಯದಲ್ಲಿ ಒಬ್ಬರದನ್ನು ಒಬ್ಬರು ತೂಗಿ ನೋಡುವ ರೂಢಿ ಅವರಲ್ಲಿರಲಿಲ್ಲ. ವಿಜಯೇಂದ್ರ ಬುಕಿಂಗ್ ಚೀಟಿ ಬರೆದುಕೊಟ್ಟ.

ಮನೆಯಲ್ಲಿ ಕೇಳಿಸಿಕೊಂಡ ಕರೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ನಿಮಗ್ಯಾವಾಗಿಂದ ಬಂತ್ರಿ ಶೂನ್ಯಮಾಸ? ನನ್ನ ತಂಗಿ ನಿಶ್ಚಯ ಇದ ತಿಂಗಳದಾಗ ಮುಂದ ನಿಂತ ಮಾಡಿಸಿದೋರು ನೀವ ಅಲ್ಲೇನು?" ಗುಡ್ಡಪ್ಪನೂ ನಕ್ಕ. ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡ.

ಜನವರಿ ಬಂತು, ಮಾಲು ಬರತೊಡಗಿತು. ಸೋಮವಾರ ಮತ್ತು ಗುರುವಾರ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೂ ಯಾಕೆ ಹೊರುತ್ತೀ, ಗಾಡಿ ಎಲ್ಲಿ ಎಂದು ಜೊತೆಯ ಹಮಾಲರು ಕೆಣಕಿದರೆ ಶಮಶೇರಸಾಬನಿಗೆ ಸಿಟ್ಟು ಬರುತ್ತಿತ್ತು. "ಅವರದು ಶೂನ್ಯಮಾಸ ಐತಿ, ತಡೀಬೇಕು. ನಿಮಗೇನ ತಿಳೀತೈತಿ" ಎಂದು ಗದರಿಸುತ್ತಿದ್ದ. ಗುಡ್ಡಪ್ಪ ಕೇಳಿಯೂ ಕೇಳದವನಂತೆ ಗಾಡಿಯ ಗಾಲಿ ನೋಡುತ್ತಿದ್ದ. ಸಾಯಂಕಾಲ ಶಮಶೇರಸಾಬ ನಡಕ್ಕೆ ಟವೆಲ್ ಬಿಗಿದುಕೊಂಡು ಗೋಡೆ ಹಿಡಿದು ನಡೆಯುವುದೂ ಅವನಿಗೆ ಕಾಣುತ್ತಿತ್ತು. ಇನ್ನು ಎಷ್ಟು ದಿನ, ಎರಡು ವಾರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹನ್ನೆರಡನೆಯ ತಾರೀಖು ಸೋಮವಾರ. ಸಂಕ್ರಮಣಕ್ಕೆ ಎರಡೇ ದಿನ. ಗುಡ್ಡಪ್ಪ ಅಗಡಿಯಿಂದ ಎರಡನೆಯ ಟ್ರಿಪ್ ತಂದು ದಲಾಲರ ಗೋದಾಮಿನ ಮುಂದೆ ನಿಲ್ಲಿಸಿದಾಗ ಬಾಗಿಲಲ್ಲಿ ಜನರ ಗುಂಪು ಕೂಡಿತ್ತು. ಚೀಲದ ಮೇಲೆ ಚೀಲ ಪೇರಿಸಿದ ಥಪ್ಪಿ ಎರಡಾಳೆತ್ತರಕ್ಕೆ ನಿಂತಿತ್ತು. ಅದರ ತುದಿಯಲ್ಲಿ ಶಮಶೇರಸಾಬನ ನಡ ಹಿಡಿದು, ಬೆನ್ನ ಮೇಲಿನ ಚೀಲದ ಸಮೇತ ಅವನು ಕೆಳಗೆ ಬಿದ್ದಿದ್ದ. ಕಣ್ಣು ತೆರೆದೇ ಇದ್ದವು. "ಗುಡ್ಯಾ, ನನ್ನ ಕಾಲ ಎಲ್ಲಿ ಅದಾವು ನೋಡೋ" ಎಂದ. ಕಾಲು ಅವನ ಮುಂದೆಯೇ ಇದ್ದವು.

ಮಾಲು ಇಳಿಸಿ, ಸಾಹುಕಾರರ ಅದೇ ಹಳೇ ಗಾಡಿಯಲ್ಲಿ ಖಾಲಿ ಚೀಲ ಹಾಸಿ ಮಲಗಿಸಿ ಹಾವೇರಿಗೆ ಒಯ್ದರು. ಚೀಲದ ಘಾಟಿಗೆ ಅವನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿದಾಗೊಮ್ಮೆ ಚೀರುತ್ತಿದ್ದ, ಆ ಚೀರು ಗಾಡಿಯ ಸದ್ದು ಮೀರಿ ಮುಂದೆ ಕೇಳುತ್ತಿತ್ತು. ಸ್ಟೇರಿಂಗ್ ಹಿಡಿದ ಗುಡ್ಡಪ್ಪ ದಾರಿಯುದ್ದಕ್ಕೂ ಅತ್ತ. ಬಿಳಿ ಗಾಡಿ ತಂದಿದ್ದರೆ ಈ ಮನುಷ್ಯ ಇಪ್ಪತ್ತು ದಿನದ ಹಿಂದೆಯೇ ಥಪ್ಪಿ ಇಳಿದಿರುತ್ತಿದ್ದ. ಇದನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

ಹಾವೇರಿಯಿಂದ ಹುಬ್ಬಳ್ಳಿಗೆ ಕಳಿಸಿದರು. ಬೆನ್ನೆಲುಬು ಮುರಿದಿದೆ, ಕಾಲು ಬರುವುದಿಲ್ಲ ಎಂದರು. ಶಮಶೇರಸಾಬ ಅದನ್ನು ಕೇಳಿ ಒಂದು ಹಗಲು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ಮರುದಿನ ತಲೆದೆಸೆಯಲ್ಲಿ ಅಳುತ್ತ ಕೂತ ಗುಡ್ಡಪ್ಪನ ಕೈ ಹಿಡಿದು ಅವನೇ ಸಮಾಧಾನ ಹೇಳಿದ.

"ಅಳಬ್ಯಾಡೋ ಹುಚ್ಚಾ. ರಾತ್ರಿಯೆಲ್ಲಾ ವಿಚಾರ ಮಾಡಿದೆ. ಕೆಟ್ಟ ತಿಂಗಳದಾಗ ದೇವರ ಮಾತ ಮೀರಿ ಗಾಡಿ ತಂದಿದ್ರ ಇಬ್ಬರೂ ಗಾಡಿ ಸಮೇತ ಹೋಗತಿದ್ವೋ ಏನೋ. ಕರೆವ್ವನ ಕುಂಕುಮ ಉಳೀತು. ನನ್ನ ಎರಡ ಕಾಲಿನ್ಯಾಗ ಮುಗೀತು. ಅಷ್ಟ ಅಂತ ತಿಳ್ಕೊಂಡೇನಿ."

ಗುಡ್ಡಪ್ಪನಿಗೆ ಆಗ ನಿಜ ಹೇಳಲು ಆಗಲಿಲ್ಲ. ಆಮೇಲೆ ದಿನದಿನಕ್ಕೂ ಹೇಳುವುದು ಕಷ್ಟವಾಯಿತು. ಯಾಕೆಂದರೆ ಶಮಶೇರಸಾಬ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟ. ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಬಂದವರು ಲೊಚಗುಟ್ಟಿದರೆ ಅವನೇ ಅವರನ್ನು ನಗಿಸಿ ಕಳಿಸುತ್ತಿದ್ದ. ಗಂಡ ಇಷ್ಟು ಗಟ್ಟಿಯಾಗಿದ್ದಾನಲ್ಲ, ಅದೇ ಸಾಕು ಎಂದು ಮಹಮೂದಾಬೇಗಂ ಅನ್ನುತ್ತಿದ್ದಳು. ಗೆಳೆಯ ಒಂದೊಂದು ಸಲ ಶೂನ್ಯಮಾಸ ಎಂದಾಗಲೂ ಗುಡ್ಡಪ್ಪ ಏನಾದರೊಂದು ನೆವ ತೆಗೆದು ಎದ್ದು ಹೊರಗೆ ಹೋಗುತ್ತಿದ್ದ. ಊಟ ಬಿಟ್ಟ, ಕರೆವ್ವನ ಮೇಲೆ ವಿನಾಕಾರಣ ರೇಗಿದ.

ಫೆಬ್ರವರಿ ಮೊದಲ ವಾರ ವಿಜಯೇಂದ್ರ ಫೋನ್ ಮಾಡಿದ, ಗಾಡಿ ಬಂದಿದೆ ಎಂದ. ಗುಡ್ಡಪ್ಪ ಹತ್ತು ದಿನ ಅತ್ತ ಸುಳಿಯಲಿಲ್ಲ. ಕೊನೆಗೆ ಶಮಶೇರಸಾಬನೇ ಜಗಳ ತೆಗೆದ. "ಅದರಾಗ ನನ್ನ ಪಾಲೂ ಐತಿ. ಅದು ದುಡದ್ರ ನಮ್ಮ ಮನಿ ಒಲಿ ಹತ್ತತೈತಿ. ಹೋಗಿ ತಗೊಂಡು ಬಾ." ಗುಡ್ಡಪ್ಪ ಒಬ್ಬನೇ ಹೋದ. ಶೋರೂಮಿನವರು ಹಾರ ಹಾಕಿ, ದೊಡ್ಡ ರಟ್ಟಿನ ಕೀಲಿ ಕೈಗೆ ಕೊಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ಅವನು ಕಳ್ಳತನದಲ್ಲಿ ಸಿಕ್ಕವನ ಹಾಗೆ ನಿಂತಿದ್ದಾನೆ. ಸೀಟಿನ ಪ್ಲಾಸ್ಟಿಕ್ ಹಾಳೆ ಸರಸರ ಎನ್ನುತ್ತಿತ್ತು, ಹೊಸ ರಬ್ಬರಿನ ವಾಸನೆ ಬರುತ್ತಿತ್ತು. ಜೀವಮಾನವೆಲ್ಲ ಬಯಸಿದ ಆ ವಾಸನೆ ತಡೆಯಲಾರದೆ ಅವನು ಕಿಟಕಿಯ ಗಾಜು ಪೂರ್ತಿ ಇಳಿಸಿದ. ಮೋಟೆಬೆನ್ನೂರಿನ ಹತ್ತಿರ ಗಾಡಿ ನಿಲ್ಲಿಸಿ ಮುಖ ತೊಳೆದುಕೊಂಡ.

ಶಮಶೇರಸಾಬನ ಓಣಿಯಲ್ಲಿ ಗಾಡಿ ನಿಂತಿತು. ಮಹಮೂದಾಬೇಗಂ ಅಕ್ಕಪಕ್ಕದವರನ್ನು ಕರೆದು ಮಂಚ ತಿರುಗಿಸಿ ಬಾಗಿಲ ಪರದೆ ಸರಿಸಿದಳು. ಅವನು ದಿಂಬಿಗೆ ಒರಗಿ ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದ. ಹಾರ್ನ್ ಬಾರಿಸು ಎಂದ. ಗುಡ್ಡಪ್ಪ ಬಾರಿಸಿದ. ಓಣಿಯ ಜನ ನಕ್ಕರು, ಅವನೂ ನಕ್ಕ.

"ನೋಡ್ರಿ, ನಮ್ಮ ಗುಡ್ಯಾ ನೇಮದ ಮನಷ್ಯಾ" ಎಂದು ನೆರೆಯವರಿಗೆ ಹೇಳಿದ. "ರೇಟ್ ಇಳಿಸ್ತೀವಂದ್ರೂ ಆ ತಿಂಗಳದಾಗ ಗಾಡಿ ಮುಟ್ಟಲಿಲ್ಲ. ಇಂಥವನ ಕೈಯಾಗ ಕೀಲಿ ಇರೋದಕ್ಕ ನನಗ ಚಿಂತಿಲ್ಲ."

ಜನ ಚಹಾ ಕುಡಿದು ಹೋದರು. ಮಹಮೂದಾಬೇಗಂ ಕಪ್ಪು ತೊಳೆಯಲು ಹಿತ್ತಲಿಗೆ ಹೋದಳು. ಗುಡ್ಡಪ್ಪ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತ. ಇನ್ನು ಒಂದು ದಿನವೂ ಇದನ್ನು ಹೊರಲಾರೆ ಅನ್ನಿಸಿತು.

"ಅಣ್ಣಾ, ನಾ ಸುಳ್ಳ ಹೇಳೇನಿ. ಶೂನ್ಯಮಾಸ ಅಂತ ನಮ್ಮನ್ಯಾಗ ಯಾರೂ ನೋಡಂಗಿಲ್ಲ. ಕಾಗದದಾಗ ಇಪ್ಪತ್ತಾರು ಅಂತ ಬೀಳಲಿ ಅನ್ನೋ ಆಸೆ ಇತ್ತು ನನಗ. ಅದನ್ನ ಹೇಳಿದ್ರ ನೀ ನಗತಿ ಅಂತ ದೇವರ ಹೆಸರ ಹೇಳಿದೆ. ಬೇಕಾದ್ರ ನನ್ನ ಹೊಡಿ, ಮಾರಿಗೆ ಉಗುಳು."

ಹೇಳಿದ್ದೇ ತಡ, ಎಷ್ಟೋ ದಿನಗಳ ನಂತರ ಮೊದಲ ಸಲ ಅವನ ಎದೆ ಹಗುರಾಯಿತು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದ. ತಲೆ ಎತ್ತಿದಾಗ ಶಮಶೇರಸಾಬ ತನ್ನ ಕಾಲುಗಳನ್ನು ನೋಡುತ್ತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅವುಗಳನ್ನು ಹಾಗೆ ನೋಡಿದ್ದು ಅದೇ ಮೊದಲು. ಮುಖದ ಮೇಲಿದ್ದ ಇಷ್ಟು ದಿನದ ಗಟ್ಟಿತನ ಇಳಿದುಹೋಗಿ, ಅಲ್ಲಿ ಒಬ್ಬ ಮುದುಕ ಕಂಡ.

"ಇದನ್ನ ನನಗ ಯಾಕ ಹೇಳಿದ್ಯೋ ಗುಡ್ಯಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಲ ದೇವರ ಸಲುವಾಗಿ ಹೋದ್ವು ಅಂತ ತಿಳ್ಕೊಂಡು ಸುಮ್ಮನ ಮಲಗಿದ್ದೆ. ಇನ್ನ ಮ್ಯಾಲೆ ಹ್ಯಾಂಗ ಮಲಗಲಿ?"